ಮೈಸೂರಿನ ವೃತ್ತಪತ್ರಿಕಾ ಶಾಸನವೂ ರಾಜಾಧಿಕಾರದ ಎಲ್ಲೆಯೂ

೧೮೮೧ರಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜೆಗಳ ಅಭಿಪ್ರಾಯವನ್ನು ಕೇಳುವುದಕ್ಕಾಗಿ ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದರು. ಅದೇ ಸಂಸ್ಥಾನದಲ್ಲಿ ೧೯೦೮ರಲ್ಲಿ, ವಿ. ಪಿ. ಮಾಧವರಾಯರು ದಿವಾನರಾಗಿದ್ದಾಗ, ವೃತ್ತಪತ್ರಿಕೆಗಳ ರೆಗ್ಯುಲೇಷನ್ ಜಾರಿಗೆ ಬಂದಿತು. ಪತ್ರಿಕೆಯನ್ನು ಪ್ರಕಟಿಸುವವರು ಮೊದಲು ಸರ್ಕಾರದ ಅನುಮತಿಯನ್ನು ಪಡೆಯಬೇಕಾಯಿತು. ಅದನ್ನು ಹಿಂತೆಗೆದುಕೊಳ್ಳುವ ಅಧಿಕಾರವೂ ಸರ್ಕಾರದ್ದೇ. 'ವೃತ್ತಾಂತ ಚಿಂತಾಮಣಿ' ಮುಂತಾದ ಪತ್ರಿಕೆಗಳನ್ನು ನಡೆಸುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಅನುಮತಿಯನ್ನು ಬೇಡುವುದಕ್ಕಿಂತ ಪತ್ರಿಕೆಗಳನ್ನು ನಿಲ್ಲಿಸುವುದೇ ಲೇಸೆಂದು ಬಗೆದರು.

ಮಿಥ್ಯಾನಿಂದೆಯೂ ಹಿಂಸಾಪ್ರೇರಣೆಯೂ ದಂಡನಾರ್ಹವೆಂಬುದನ್ನು ಯಾರೂ ಅಲ್ಲಗಳೆಯರು. ಇಲ್ಲಿಯ ಆಕ್ಷೇಪವು ಬೇರೆ. ತಾರ್ಕಿಕರು ಪ್ರಾಗಭಾವವನ್ನೂ ಪ್ರಧ್ವಂಸಾಭಾವವನ್ನೂ ಬೇರ್ಪಡಿಸಿ ಹೇಳುವರು. ಒಡೆದ ಗಡಿಗೆಯ ಚೂರುಗಳಾದರೂ ಉಳಿಯುತ್ತವೆ. ಹುಟ್ಟದ ಗಡಿಗೆಗೆ ಗುರುತೇ ಇಲ್ಲ. ಪ್ರಕಟವಾದ ಲೇಖನವನ್ನು ದಂಡಿಸಿದರೆ, ಲೇಖನವೂ ದಂಡನೆಯೂ ನ್ಯಾಯಾಧಿಪತಿಯ ಮುಂದಿರುತ್ತವೆ. ತಪ್ಪು ಯಾರದೆಂದು ವಿಚಾರಿಸಬಹುದು. ಅನುಮತಿಯಿಲ್ಲದುದರಿಂದ ಅಚ್ಚಾಗದೆ ಹೋದ ಲೇಖನವನ್ನು ಯಾರು ವಿಚಾರಿಸಬಲ್ಲರು? ಅನುಮತಿಯಿಂದ ದೊರೆಯುವುದು ಹಕ್ಕಲ್ಲ, ಅನುಗ್ರಹ. ಅನುಗ್ರಹದಿಂದ ಮಾತನಾಡುವವನು ಅನುಗ್ರಹಿಸಿದವನ ದೋಷವನ್ನು ಎತ್ತಿ ಹೇಳುವುದು ಕಷ್ಟ.

ಈ ಶಾಸನವು ಬೆಂಗಳೂರಿಗೆಲ್ಲ ಸಮಾನವಾಗಿಯೂ ಇರಲಿಲ್ಲ. ೧೮೮೧ರಲ್ಲಿ ಸಂಸ್ಥಾನವು ಒಡೆಯರಿಗೆ ಹಿಂದಿರುಗಿದಾಗ ದಂಡುಪ್ರದೇಶವು ಬ್ರಿಟಿಷರ ಆಡಳಿತದಲ್ಲಿಯೇ ಉಳಿದಿದ್ದಿತು. ಹಲಸೂರು ಆ ಪ್ರದೇಶಕ್ಕೆ ಸೇರಿದ್ದಿತು, ಪೇಟೆಯು ಮಹಾರಾಜರದು. ಮೈಸೂರಿನ ಶಾಸನಗಳು ದಂಡಿನಲ್ಲಿ ತಾವಾಗಿ ನಡೆಯುತ್ತಿರಲಿಲ್ಲ. ಅಚ್ಚುಕೂಟವು ಗಡಿಯ ಯಾವ ಕಡೆಯಲ್ಲಿದೆಯೆಂಬುದನ್ನು ಅನುಸರಿಸಿ ಕಾನೂನು ಬೇರೆಯಾಗುತ್ತಿದ್ದಿತು. ಆದರೆ ದಂಡಿನಲ್ಲಿದ್ದುದೂ ಪ್ರಜೆಗಳ ಸ್ವಾತಂತ್ರ್ಯವಲ್ಲ, ಇನ್ನೊಬ್ಬ ಪ್ರಭುವಿನ ಅಧಿಕಾರ. ೧೯೪೭ರಲ್ಲಿ ದಂಡುಪ್ರದೇಶವು ಮೈಸೂರಿಗೆ ಮರಳಿ, ಆ ಭೇದವು ಅಳಿಯಿತು.

೧೯೫೦ನೆಯ ಜನವರಿ ೨೬ರಂದು ಜಾರಿಗೆ ಬಂದ ಭಾರತ ಸಂವಿಧಾನದ ೧೪ನೆಯ ವಿಧಿಯು ಕಾನೂನಿನ ಮುಂದೆ ಸಮಾನತೆಯನ್ನೂ, ೧೯ನೆಯ ವಿಧಿಯು ಪೌರರಿಗೆ ವಾಕ್ಸ್ವಾತಂತ್ರ್ಯವನ್ನೂ ವಿಧಿಸಿದುವು. ಮೂಲಭೂತ ಹಕ್ಕುಗಳಿಗೆ ವಿರುದ್ಧವಾದ ಶಾಸನವು ಅಷ್ಟರಮಟ್ಟಿಗೆ ಅಸಿಂಧುವೆಂದು ೧೩ನೆಯ ವಿಧಿಯು ಸಾರಿತು. ೧೯೫೧ರ ಮೊದಲನೆಯ ತಿದ್ದುಪಡಿಯು ವಾಕ್ಕಿಗೆ ನಿರ್ಬಂಧ ಹಾಕಲು ಕಾರಣಗಳನ್ನು ಹೆಚ್ಚಿಸಿತು. ಆದರೆ ನಿರ್ಬಂಧವು ಯುಕ್ತವಾಗಿರಬೇಕೆಂಬ ನಿಯಮವನ್ನೂ ಅಲ್ಲಿಯೇ ಸೇರಿಸಿತು. ಯುಕ್ತಾಯುಕ್ತತೆಯ ಕೊನೆಯ ನಿರ್ಣಯವು ನಿರ್ಬಂಧಿಸಿದವರದಲ್ಲ, ನ್ಯಾಯಾಲಯದ್ದು. ಆಳುವವನಿಗೂ ಬರೆಯುವವನಿಗೂ ನಡುವೆ ನಿಲ್ಲುವ ಈ ಮೂರನೆಯವನೇ ರಾಜಾಧಿಕಾರದ ಎಲ್ಲೆ. ೧೯೦೮ರ ಶಾಸನದ ಅನುಮತಿಪದ್ಧತಿಯಲ್ಲಿ ಅವನಿಗೆ ಸ್ಥಾನವಿರಲಿಲ್ಲ.