ಗಾಳಿ ತೆಳುವಾದ ದಾರಿಯಲ್ಲಿ

ರಜೆಗೆ ಊರಿಗೆ ಹೊರಟಾಗ ಗಗನಸಖಿ ಆಮ್ಲಜನಕದ ಮಾಸ್ಕ್ ತೋರಿಸುತ್ತಿದ್ದರೆ ನಾವು ಮಕ್ಕಳ ಬೆಲ್ಟ್ ಕಟ್ಟುತ್ತಲೋ, ಚಕ್ಕುಲಿ ಡಬ್ಬ ಹುಡುಕುತ್ತಲೋ ಇರುತ್ತೇವೆ. ಆಮೇಲೆ 35,000 ಅಡಿ ಎತ್ತರದಲ್ಲಿ ನೆಮ್ಮದಿಯಾಗಿ ನಿದ್ದೆಯನ್ನೂ ಮಾಡುತ್ತೇವೆ. ಗಾಳಿಯನ್ನು ಒತ್ತಿ ತುಂಬಿದ ಕ್ಯಾಬಿನ್ನಿನಲ್ಲಿ ನಮಗೆ ಮುಳ್ಳಯ್ಯನಗಿರಿಯ ತುದಿಯಲ್ಲೋ, ಅದಕ್ಕಿಂತ ತುಸು ಮೇಲೋ ಕುಳಿತಷ್ಟೇ ಗಾಳಿಯ ಒತ್ತಡವಿರುತ್ತದೆ.

ಈ ಅನುಕೂಲವಿಲ್ಲದೆ ಹಾರಿದವರ ಕಥೆಯೊಂದನ್ನು ನೆನೆಯೋಣ. 1942ರಲ್ಲಿ ಜಪಾನ್ ಬರ್ಮಾವನ್ನು ಹಿಡಿದಾಗ ಚೀನಾಕ್ಕೆ ಸರಕು ಒಯ್ಯುವ ರಸ್ತೆ ಮುಚ್ಚಿತು. ಆಗ ಅಮೆರಿಕದ ವಿಮಾನಗಳು ಅಸ್ಸಾಮಿನ ಚಬುವಾ, ದಿಂಜಾನ್ ಮೊದಲಾದ ನಿಲ್ದಾಣಗಳಿಂದ ಹಿಮಾಲಯದ ಪೂರ್ವದಂಚನ್ನು ದಾಟಿ ಕುನ್ಮಿಂಗ್‌ಗೆ ಹಾರತೊಡಗಿದವು. ಪೈಲಟ್‌ಗಳು ಈ ದಾರಿಯನ್ನು 'ಹಂಪ್', ಅಂದರೆ ಡುಬ್ಬ, ಎಂದು ಕರೆದರು.

ಅಲ್ಲಿ ಹಾರಿದ ಸಿ-47, ಸಿ-46 ವಿಮಾನಗಳ ಒಳಗೂ ಹೊರಗಿನಷ್ಟೇ ತೆಳುವಾದ ಗಾಳಿ. 18,000 ಅಡಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಅರ್ಧ ಮಾತ್ರ. ಮಾಸ್ಕ್ ಇಲ್ಲದೆ ಗತಿಯಿಲ್ಲ. ಆಮ್ಲಜನಕ ಕಡಿಮೆಯಾದಾಗ ಉಸಿರು ಕಟ್ಟಿದಂತೆಯೇ ಅನಿಸಬೇಕೆಂದಿಲ್ಲ, ಅಪಾಯವಿರುವುದೇ ಅಲ್ಲಿ. ಮೊದಲು ಸುಮ್ಮಸುಮ್ಮನೆ ಹುರುಪು, ಬಳಿಕ ಮಂಪರು. ಉಗುರು ನೀಲಿಗಟ್ಟುತ್ತದೆ, ಲೆಕ್ಕ ತಪ್ಪುತ್ತದೆ, ಕೊನೆಗೆ ಪ್ರಜ್ಞೆಯೂ ತಪ್ಪುತ್ತದೆ. ಇದರ ಜೊತೆಗೆ ರೆಕ್ಕೆಯ ಮೇಲೆ ಕಟ್ಟುವ ಹಿಮ, ಬಿರುಗಾಳಿ, ಮೋಡದೊಳಗೆ ಅಡಗಿದ ಶಿಖರಗಳು. 1945ರ ಹೊತ್ತಿಗೆ ಸುಮಾರು 6.5 ಲಕ್ಷ ಟನ್ ಸರಕು ಚೀನಾ ಸೇರಿತು. ಅದಕ್ಕೆ ತೆತ್ತ ಬೆಲೆ ಸುಮಾರು 600 ವಿಮಾನಗಳು. ಸತ್ತವರು, ಕಾಣೆಯಾದವರು ಸಾವಿರಕ್ಕೂ ಹೆಚ್ಚು.

ಈ ಯುದ್ಧರಂಗಕ್ಕೂ ನಮ್ಮ ನಾಡಿಗೂ ನಂಟಿದೆ. ಮೈಸೂರು ಸರ್ಕಾರದ ನೆರವಿನಿಂದ ವಾಲ್‌ಚಂದ್ ಹೀರಾಚಂದ್ ಅವರು 1940ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಲ್ಲಿ ಅಮೆರಿಕದ ಸೇನಾ ವಿಮಾನದಳದ ಆಡಳಿತಕ್ಕೆ ಬಂತು. ಈ ರಂಗದ ವಿಮಾನಗಳನ್ನೂ ಇಂಜಿನ್‌ಗಳನ್ನೂ ಅಲ್ಲಿ ಬಿಚ್ಚಿ, ರಿಪೇರಿ ಮಾಡಿ, ಮತ್ತೆ ಹಾರಲು ಅಣಿಮಾಡುತ್ತಿದ್ದರು. ಅಷ್ಟು ಎತ್ತರದಲ್ಲಿ ಇಂಜಿನ್ ಕೈಕೊಟ್ಟರೆ ಇಳಿಯಲು ಬಯಲಿಲ್ಲ. ಹಾಗಾಗಿ ಒಂದು ಬೋಲ್ಟನ್ನು ಬಿಗಿಯಾಗಿ ತಿರುಗಿಸಿದ ಕೈಗೂ ಆ ಪೈಲಟ್‌ಗಳ ಪ್ರಾಣದಲ್ಲಿ ಪಾಲಿತ್ತು.

ಪೈಲಟ್‌ಗಳ ಬಗ್ಗೆ ಪುಸ್ತಕಗಳು ಬಂದಿವೆ. ಸೈಕಲ್ಲಿನಲ್ಲಿ ಕಾರ್ಖಾನೆಗೆ ಹೋಗಿಬರುತ್ತಿದ್ದವರ ಕಥೆ ಮನೆಮಾತಿನಲ್ಲಷ್ಟೇ ಉಳಿದಿರಬಹುದು. ನಮ್ಮ ಸದಸ್ಯರಲ್ಲಿ ಯಾರ ತಾತನಾದರೂ ಅಲ್ಲಿ ದುಡಿದಿದ್ದರೆ, ಈ ಸಲ ಊರಿಗೆ ಹೋದಾಗ ಹಿರಿಯರನ್ನು ಕೇಳಿ ಬರೆದುಕೊಂಡು ಬನ್ನಿ. ಒಂದು ಪುಟವಾದರೂ ಸಾಕು, ಮುಂದಿನ ಸಂಚಿಕೆಯಲ್ಲಿ ಪ್ರಕಟಿಸೋಣ.