ಅದಕ್ಕೂ ಒಂದು ಮರೆ

ವಿಜಯಪುರಕ್ಕೆ ಬಂದ ಬೀಗರಿಗೆ ಗೋಲಗುಂಬಜ ತೋರಿಸಿದ ಮೇಲೆ ಮಲಿಕ್-ಎ-ಮೈದಾನ ತೋಪನ್ನು ತೋರಿಸದೆ ಕಳಿಸುವ ಪದ್ಧತಿ ನಮ್ಮ ಕಡೆ ಇಲ್ಲ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಸುಮಾರು 55 ಟನ್ ತೂಕದ ತೋಪು ಅದು. ಗಂಡಸರು ಸಾಮಾನ್ಯವಾಗಿ ಅದರ ತೂಕ, ಗುಂಡಿನ ಅಳತೆ ವಿಚಾರಿಸುತ್ತಾರೆ. ಹೆಣ್ಣುಮಕ್ಕಳು ತೋಪಿನ ಬಾಯಿಯ ಹತ್ತಿರ ನಿಂತುಬಿಡುತ್ತಾರೆ. ಆ ಬಾಯಿ ಸಿಂಹದ ಬಾಯಿ. ಅದರ ಕೋರೆಹಲ್ಲುಗಳ ನಡುವೆ ಒಂದು ಪುಟ್ಟ ಆನೆ ಸಿಕ್ಕಿಕೊಂಡು ನುರಿಯುತ್ತಿದೆ. ವೈರಿಗೆ ಹೆದರಿಕೆ ಹುಟ್ಟಿಸಲು ಮಾಡಿದ್ದು, ಸರಿ. ಆದರೆ ಮಕ್ಕಳಿಗೆ ಮೊದಲು ಕಾಣುವುದು ಆ ಆನೆಯೇ. "ಅದನ್ನ ಬಿಡಸಾಕ ಬರೂದಿಲ್ಲೇನವ್ವಾ?" ಎಂದು ಕೇಳಿದ ಮಗುವನ್ನು ನಾನು ಕಂಡಿದ್ದೇನೆ.

ಇದೇ ಊರಿನಲ್ಲಿ ಆನೆಯನ್ನು ಹಾಡಿ ಹೊಗಳಿದ ಸುಲ್ತಾನನೂ ಇದ್ದ. ಎರಡನೆಯ ಇಬ್ರಾಹಿಂ ಆದಿಲಶಾಹ 1580ರಿಂದ 1627ರವರೆಗೆ ಆಳಿದವನು. ತಾನು ಬರೆದ ಕಿತಾಬ್-ಎ-ನವರಸ್‌ನಲ್ಲಿ ಅವನು ತನ್ನ ತಂಬೂರಿ ಮೋತಿಖಾನನನ್ನು ನೆನೆಯುವಷ್ಟೇ ಅಕ್ಕರೆಯಿಂದ ತನ್ನ ಆನೆ ಆತಶ್‌ಖಾನನನ್ನೂ ನೆನೆಯುತ್ತಾನೆ. ಅವನ ಬಳಿ ಚಂಚಲ್ ಎಂಬ ಇನ್ನೊಂದು ಹೆಸರಾಂತ ಆನೆಯಿತ್ತು. 1604ರ ಸುಮಾರಿಗೆ ಅಕ್ಬರನ ದೂತ ಅಸದ್ ಬೇಗ್ ಇಲ್ಲಿಗೆ ಬಂದಾಗ ಅದು ಕಾಣಿಕೆಯಾಗಿ ಆಗ್ರಾದ ದಾರಿ ಹಿಡಿಯಿತು. ಅಕ್ಕರೆಯೂ ಸುಳ್ಳಲ್ಲ, ಸರಪಳಿಯೂ ಸುಳ್ಳಲ್ಲ. ಪ್ರಾಣಿ ಅರಸನ ಅಂತಸ್ತಿನ ಗುರುತು. ಕೊಡುವುದು, ಬಿಡುವುದು ಅರಸನ ಮರ್ಜಿ.

ಅರಸರ ಮಾತು ಹಾಗಿರಲಿ. ನಮ್ಮಂಥವರ ಓಣಿಗೆ ಕಾಡುಪ್ರಾಣಿ ಬರುತ್ತಿದ್ದದ್ದು ಹಗ್ಗ ಕಟ್ಟಿಸಿಕೊಂಡು. ನಾನು ಚಿಕ್ಕವಳಿದ್ದಾಗ ಜೈನಾಪುರಕ್ಕೆ ಸುಗ್ಗಿ ಮುಗಿದ ಮೇಲೆ ಕರಡಿ ಆಡಿಸುವವನು ಬರುತ್ತಿದ್ದ. ಡಮರುಗದ ಸಪ್ಪಳ ಕೇಳಿದರೆ ಸಾಕು, ರೊಟ್ಟಿ ಬಡಿಯುತ್ತಿದ್ದ ಹೆಂಗಸರೂ ಹಿಟ್ಟಿನ ಕೈಯಲ್ಲೇ ಕಟ್ಟೆಗೆ ಬಂದು ನಿಲ್ಲುತ್ತಿದ್ದರು. ಅಂಜಿಕೆ ಬಡಿದ ಮಕ್ಕಳನ್ನು ಕರಡಿಯ ಬೆನ್ನ ಮೇಲೆ ಕೂಡಿಸಿದರೆ ಅಂಜಿಕೆ ಬಿಡುತ್ತದೆ ಎಂಬ ನಂಬಿಕೆ. ಅದರ ಕೂದಲು ಹಾಕಿದ ತಾಯಿತಕ್ಕೆ ಬೇರೆ ರೊಕ್ಕ. ನಮ್ಮ ಆಯಿ ನನ್ನ ತಮ್ಮನನ್ನು ಎತ್ತಿ ಕೂಡಿಸಿ, "ಏನೂ ಆಗೂದಿಲ್ಲೋ ನನ್ನಪ್ಪಾ, ಗಟ್ಟಿ ಹಿಡಕೊ" ಅಂದಳು. ಅವನು ಊರು ಕೇಳುವಂತೆ ಅತ್ತ. ಕರಡಿ ಮಾತ್ರ ಸುಮ್ಮನೆ ನಿಂತಿತ್ತು.

ಅದು ಯಾಕೆ ಅಷ್ಟು ಸುಮ್ಮನಿತ್ತು ಎಂಬುದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಓದಿನಿಂದ. ಮರಿಯಿದ್ದಾಗಲೇ ಕಾದ ಕಬ್ಬಿಣದ ಸೂಜಿಯಿಂದ ಮೂತಿ ಚುಚ್ಚಿ ಅದರಲ್ಲಿ ಹಗ್ಗ ಪೋಣಿಸುತ್ತಿದ್ದರು, ಹಲ್ಲು ಕೀಳುತ್ತಿದ್ದರು. ಹಗ್ಗ ಎಳೆದಾಗ ಆಗುವ ನೋವಿಗೆ ಅದು ಹಿಂಗಾಲ ಮೇಲೆ ಏಳುತ್ತಿತ್ತು. ನಾವು ಅದಕ್ಕೆ ಕುಣಿತ ಎಂದು ಹೆಸರಿಟ್ಟಿದ್ದೆವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೂ ಈ ಆಟ ನಿಲ್ಲಲು ಬಹಳ ಕಾಲ ಹಿಡಿಯಿತು. ವೈಲ್ಡ್‌ಲೈಫ್ ಎಸ್‌ಓಎಸ್ ಸಂಸ್ಥೆಯವರು ಕರಡಿಗಳನ್ನು ಬಿಡಿಸಿಕೊಂಡು, ಅವನ್ನೇ ನಂಬಿದ್ದ ಖಲಂದರ ಕುಟುಂಬಗಳಿಗೆ ಬೇರೆ ಉದ್ಯೋಗದ ದಾರಿ ಮಾಡಿಕೊಟ್ಟರು. ಕೊನೆಯದೆನ್ನಲಾದ ರಾಜು ಎಂಬ ಕರಡಿ ನಮ್ಮ ಬನ್ನೇರುಘಟ್ಟಕ್ಕೇ ಬಂದು ಸೇರಿದ್ದು 2009ರ ಡಿಸೆಂಬರಿನಲ್ಲಿ. ಕರಡಿಯವನನ್ನು ಬೈಯುವುದು ಸುಲಭ. ಆದರೆ ಬೊಗಸೆ ಜೋಳ ತಂದು ಅವನ ಜೋಳಿಗೆಗೆ ಹಾಕುತ್ತಿದ್ದವರು ಯಾರು, ನೀವೇ ಹೇಳಿ.

ಇನ್ನು ಮೃಗಾಲಯದ ವಿಷಯ. ಮೈಸೂರಿನಲ್ಲಿ ಹತ್ತನೆಯ ಚಾಮರಾಜ ಒಡೆಯರು 1892ರಲ್ಲಿ ಸುಮಾರು ಹತ್ತು ಎಕರೆಯಲ್ಲಿ ಅರಮನೆಯ ಮೃಗಾಲಯ ಆರಂಭಿಸಿದರು. 1909ರಲ್ಲಿ ಅದಕ್ಕೆ ಅವರ ಹೆಸರನ್ನೇ ಇಟ್ಟರು. ಆ ಕಾಲದಲ್ಲಿ ಲೋಕದ ಯಾವ ಮೃಗಾಲಯಕ್ಕೆ ಹೋದರೂ ಕಬ್ಬಿಣದ ಸರಳು, ಸಿಮೆಂಟಿನ ನೆಲ. ತಿರುಗಿ ನಿಲ್ಲಲು ಜಾಗವಿದ್ದರೆ ಅದೇ ಪುಣ್ಯ. ಇದನ್ನು ಬದಲಿಸಿದವನು ಜರ್ಮನಿಯ ಪ್ರಾಣಿವ್ಯಾಪಾರಿ ಕಾರ್ಲ್ ಹಾಗನ್‌ಬೆಕ್. 1907ರಲ್ಲಿ ಹ್ಯಾಂಬರ್ಗಿನ ಹತ್ತಿರ ಅವನು ತೆರೆದ ಮೃಗಾಲಯದಲ್ಲಿ ಸರಳುಗಳ ಬದಲು ಕಂದಕವಿತ್ತು. ಪ್ರಾಣಿ ಎಷ್ಟು ದೂರ ಜಿಗಿಯಬಲ್ಲದು ಎಂದು ಪರೀಕ್ಷೆ ಮಾಡಿ ನೋಡಿ, ಅದಕ್ಕೆ ತಕ್ಕಂತೆ ಕಂದಕದ ಅಗಲ ಗೊತ್ತುಮಾಡಿದ. ವಿಜಯಪುರದವರಿಗೆ ಕಂದಕ ಹೊಸದಲ್ಲ. ನಮ್ಮ ಅರಕಿಲ್ಲೆಯ ಸುತ್ತ ವೈರಿಗೆಂದು ತೋಡಿದ್ದು ಅದೇ. ಹಾಗನ್‌ಬೆಕ್ಕನ ಕಂದಕದಿಂದ ಪ್ರಾಣಿಯ ಕಾಲಿಗೆ ಮಣ್ಣು ಸಿಕ್ಕಿತು, ನೋಡುವವರ ಕಣ್ಣಿಗೆ ಸರಳು ಅಡ್ಡ ಬರುವುದು ತಪ್ಪಿತು. ಇಷ್ಟು ಜಾಣನಾದ ಅದೇ ಮನುಷ್ಯ ದೂರದೇಶದ ಬಡಜನರನ್ನೂ ತಂದು ಪ್ರಾಣಿಗಳಂತೆ ಪ್ರದರ್ಶನಕ್ಕೆ ಇಡುತ್ತಿದ್ದ ಎಂಬುದನ್ನು ಓದಿದಾಗ ಅವನನ್ನು ಹೊಗಳುವ ಬಾಯಿ ಅರ್ಧಕ್ಕೇ ನಿಲ್ಲುತ್ತದೆ.

ಒಮ್ಮೆ ಗೋಲಗುಂಬಜ ಎಕ್ಸ್‌ಪ್ರೆಸ್ ಹತ್ತಿ ನಾವು ಏಳೆಂಟು ಹೆಣ್ಣುಮಕ್ಕಳು ಮೈಸೂರಿಗೆ ಹೋಗಿದ್ದೆವು. ಹುಲಿಯ ಆವರಣದ ಮುಂದೆ ಅರ್ಧ ತಾಸು ನಿಂತರೂ ಹುಲಿ ಇಲ್ಲ. ಪೊದೆಯ ಸಂದಿಯಲ್ಲಿ ಬಾಲದ ತುದಿ ಮಾತ್ರ ಕಾಣುತ್ತಿತ್ತು. ನಮ್ಮ ವೈನಿಗೆ ಸಿಟ್ಟು ಬಂತು. "ರೊಕ್ಕಾ ಕೊಟ್ಟ ಬಂದೇವ್ರಿ, ಒಂದ ಕಲ್ಲ ಒಗದರ ಎದ್ದ ಬರತೈತಿ" ಅಂದರು. ಅಲ್ಲೇ ಇದ್ದ ಕಾವಲುಗಾರ ಸಿಟ್ಟಾಗಲಿಲ್ಲ. "ಅದಕ್ಕೂ ಒಂದು ಮರೆ ಬೇಕಲ್ವಾ ಅಮ್ಮ" ಅಂದ, ಅಷ್ಟೇ. ವೈನಿ ಸುಮ್ಮನಾದರು. ಮರೆ ಎಂಬ ಮಾತನ್ನು ನಮಗೆ ಬಿಡಿಸಿ ಹೇಳಬೇಕೇ? ನಸುಕಿನಲ್ಲಿ ಎದ್ದು ತಂಬಿಗೆ ಹಿಡಿದು ಬಯಲಿಗೆ ಹೋದವರು ನಾವು. ಜಾತ್ರೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಕಣ್ಣುಗಳು ಮೈಮೇಲೆ ಹರಿದಾಡಿದಾಗ ಸೆರಗು ಎಳೆದುಕೊಂಡವರು. ದಿನವಿಡೀ ಸಾವಿರ ಜನರ ಕಣ್ಣಿಗೆ ಬೀಳುತ್ತ, ಅಡಗಲು ಒಂದು ಮೂಲೆಯೂ ಇಲ್ಲದಿದ್ದರೆ ಜೀವಕ್ಕೆ ಏನಾಗುತ್ತದೆ? ಪಂಜರದ ಹುಲಿ ಅತ್ತಿಂದಿತ್ತ ಒಂದೇ ಸಮ ತಿರುಗುವುದು, ಕಟ್ಟಿಹಾಕಿದ ಆನೆ ನಿಂತಲ್ಲೇ ತೂಗುವುದು ಅದರ ಲಕ್ಷಣ. "ನೋಡ್ರೇ, ಆನಿ ಡ್ಯಾನ್ಸ್ ಮಾಡಾಕತ್ತೈತಿ" ಎಂದು ನಾವು ಚಪ್ಪಾಳೆ ತಟ್ಟುತ್ತೇವೆ. ಮರೆಯಿಲ್ಲದ ಪ್ರಾಣಿ ಕಂಗೆಡುತ್ತದೆ, ಕಂಗೆಟ್ಟ ಪ್ರಾಣಿಯೇ ಹತ್ತಿರ ಬಂದವರಿಗೆ ಹೆಚ್ಚು ಅಪಾಯ. ಅದರ ನೆಮ್ಮದಿ ಬೇರೆ, ನಮ್ಮ ಜೋಪಾನ ಬೇರೆ ಎಂದು ನನಗೆ ಅನ್ನಿಸಿಲ್ಲ.

ಅನಾಹುತಗಳನ್ನೇ ನೋಡಿ. 1996ರ ಹೊಸವರ್ಷದ ದಿನ ಕಲ್ಕತ್ತದ ಆಲಿಪುರ ಮೃಗಾಲಯದಲ್ಲಿ ಇಬ್ಬರು ಹುಲಿಗೆ ಹೂಮಾಲೆ ಹಾಕಲು ಒಳಗಿಳಿದರು, ಒಬ್ಬ ಸತ್ತ. 2007ರ ಡಿಸೆಂಬರಿನಲ್ಲಿ ಗುವಾಹಟಿಯಲ್ಲಿ ಒಬ್ಬ ಗೃಹಸ್ಥ ಹುಲಿಯ ಫೋಟೋ ಹತ್ತಿರದಿಂದ ಬರಲೆಂದು ಹೊರಗಿನ ಕಟಕಟೆ ದಾಟಿ ಹೋಗಿ ಕೈ ಕಳೆದುಕೊಂಡ, ಪ್ರಾಣವೂ ಉಳಿಯಲಿಲ್ಲ. 2014ರ ಸೆಪ್ಟೆಂಬರ್ 23ರಂದು ದೆಹಲಿಯಲ್ಲಿ ಒಬ್ಬ ಯುವಕ ವಿಜಯ್ ಎಂಬ ಬಿಳಿಹುಲಿಯ ಕಂದಕದೊಳಗೆ ಇಳಿದುಬಿಟ್ಟ. ಹುಲಿ ಎದುರಿಗೆ ನಿಂತು ಬಹಳ ಹೊತ್ತು ಅವನನ್ನು ನೋಡಿತು. ಅವನು ಕೈಮುಗಿದು ಕೂತಿದ್ದ. ಮೇಲಿನ ಜನ ಬಿಡಿಸಬೇಕೆಂದೇ ಕೂಗಿದರು, ಕಲ್ಲು ಎಸೆದರು. ಹುಲಿ ಅವನ ಕುತ್ತಿಗೆ ಹಿಡಿಯಿತು. ಜನರಿಗೆ ಕನಿಕರ ಇರಲಿಲ್ಲವೆಂದಲ್ಲ. ಅಂಥ ಹೊತ್ತಿನಲ್ಲಿ ಗದ್ದಲ ಎಷ್ಟು ಕೆಟ್ಟದ್ದೆಂದು ಅವರಿಗೆ ಯಾರೂ ಕಲಿಸಿರಲಿಲ್ಲ.

ಅಮೆರಿಕದ ಸಿನ್ಸಿನಾಟಿಯಲ್ಲಿ 2016ರ ಮೇ 28ರಂದು ಮೂರು ವರ್ಷದ ಹುಡುಗನೊಬ್ಬ ಕಟಕಟೆ ನುಸುಳಿ ಗೊರಿಲ್ಲಾದ ಕಂದಕಕ್ಕೆ ಬಿದ್ದ. ಹರಾಂಬೆ ಎಂಬ ಹದಿನೇಳು ವರ್ಷದ ಗೊರಿಲ್ಲಾ ಅವನನ್ನು ಹಿಡಿದು ನೀರಿನಲ್ಲಿ ಎಳೆದಾಡಿತು. ಮತ್ತು ಬರಿಸುವ ಮದ್ದು ಹೊಡೆದರೆ ಅದು ಏರಲು ಹಲವು ನಿಮಿಷ ಬೇಕು. ಅಷ್ಟರೊಳಗೆ ಪ್ರಾಣಿ ಇನ್ನಷ್ಟು ಕೆರಳುತ್ತದೆ. ಗುಂಡು ಹಾರಿಸಿ ಕೊಂದರು. ಬೇರೆ ದಾರಿ ಇರಲಿಲ್ಲವೆಂದೇ ನನಗೂ ಅನ್ನಿಸುತ್ತದೆ. ಆದರೆ ಆಮೇಲೆ ನಡೆದದ್ದು ಏನು ಗೊತ್ತೇ? ಲೋಕವೆಲ್ಲ ಎದ್ದು ಆ ತಾಯಿಯನ್ನು ಬೈಯಿತು, ಶಿಕ್ಷೆ ಕೊಡಿ ಎಂದಿತು. ಕೈತುಂಬ ಮಕ್ಕಳನ್ನು ಕಟ್ಟಿಕೊಂಡು ತಿರುಗಿದವರಿಗೆ ಗೊತ್ತು, ಮೂರು ವರ್ಷದ ಕೂಸು ಕೈ ಕೊಸರಿ ಓಡಲು ಎಷ್ಟು ಹೊತ್ತು ಬೇಕೆಂದು. ಸರಕಾರದ ವಕೀಲರು ಆಕೆಯ ಮೇಲೆ ಮೊಕದ್ದಮೆ ಹೂಡಲಿಲ್ಲ. ಮೃಗಾಲಯದವರು ಮೂರಡಿಯ ಕಟಕಟೆಯನ್ನು 42 ಇಂಚಿಗೆ ಏರಿಸಿ, ಸಂದುಗಳಿಗೆ ಬಲೆ ಕಟ್ಟಿಸಿದರು. ಕೂಸು ನುಸುಳುವಂಥ ಬೇಲಿ ಬೇಲಿಯಲ್ಲ. ಆ ಬಲೆ ಮೊದಲೇ ಇದ್ದಿದ್ದರೆ ಎರಡು ಮನೆಯ ಸಂಕಟವೂ ತಪ್ಪುತ್ತಿತ್ತು. ಗೊರಿಲ್ಲಾಗಳದ್ದೂ ಒಂದು ಮನೆಯೇ. ಅವು ಕುಟುಂಬ ಕಟ್ಟಿಕೊಂಡು ಬಾಳುವ ಜೀವಗಳು. ಮೈಸೂರಿನ ಪೋಲೋಗೆ ಆ ಭಾಗ್ಯ ಇರಲಿಲ್ಲ. 1995ರಲ್ಲಿ ಡಬ್ಲಿನ್‌ನಿಂದ ಬಂದ ಅದು ವರ್ಷಗಟ್ಟಲೆ ಒಂಟಿಯಾಗಿದ್ದು, 2014ರ ಮಾರ್ಚಿನಲ್ಲಿ ಒಂಟಿಯಾಗಿಯೇ ಸತ್ತಿತು. 2021ರಲ್ಲಿ ಜರ್ಮನಿಯಿಂದ ಥಾಬೋ, ಡೆಂಬಾ ಎಂಬ ಅಣ್ಣತಮ್ಮಂದಿರನ್ನು ಜೋಡಿಯಾಗಿ ತರಿಸಿದರು.

ಬೇಲಿ ಎಷ್ಟು ಗಟ್ಟಿಯಿದ್ದರೂ ಒಳಗಿನ ಜೀವಕ್ಕೆ ಅಪಾಯ ತಪ್ಪಿದ್ದಲ್ಲ. 2004ರಲ್ಲಿ ಮೈಸೂರಿನಲ್ಲಿ ಎರಡು ತಿಂಗಳ ಅಂತರದೊಳಗೆ ಗಣೇಶ, ರೂಪಾ, ಕೋಮಲಾ ಎಂಬ ಮೂರು ಆನೆಗಳು ಸತ್ತವು. ವಿಷ ಹಾಕಿದ ಸಂಶಯದಿಂದ ತನಿಖೆ ನಡೆಯಿತು. ಕೋಮಲಾ ಅರ್ಮೇನಿಯಾ ದೇಶಕ್ಕೆ ಹೋಗಬೇಕಾಗಿದ್ದ ಆನೆ. 2023ರಲ್ಲಿ ಬನ್ನೇರುಘಟ್ಟದಲ್ಲಿ ಏಳು ಚಿರತೆಮರಿಗಳು ಬೆಕ್ಕಿನ ಜಾತಿಗೆ ಬರುವ ಸೋಂಕಿನಿಂದ ತೀರಿಕೊಂಡವು.

ಕಾನೂನು ತಡವಾಗಿಯಾದರೂ ಬಂದಿದೆ. 1991ರಲ್ಲಿ ವನ್ಯಜೀವಿ ಕಾಯಿದೆಗೆ ಮೃಗಾಲಯಗಳದೇ ಒಂದು ಅಧ್ಯಾಯ ಸೇರಿತು, 1992ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಹುಟ್ಟಿತು. ಪ್ರಾಣಿಯನ್ನು ಕೆಣಕುವುದು, ತಿನಿಸು ಹಾಕುವುದು, ಗದ್ದಲ ಮಾಡಿ ಕಾಡುವುದು ಅಪರಾಧ. ಆರು ತಿಂಗಳವರೆಗೆ ಜೈಲು ಆಗಬಹುದು. ಚುರಮುರಿ ಪೊಟ್ಟಣ ಬಿಚ್ಚಿ ಮಂಗನತ್ತ ಎಸೆಯುವ ನಮ್ಮ ಎಷ್ಟು ಜನರಿಗೆ ಇದು ಗೊತ್ತು? ವಾರಕ್ಕೊಂದು ದಿನ ಮೃಗಾಲಯ ಮುಚ್ಚಿರಬೇಕೆಂಬ ನಿಯಮವೂ ಇದೆ. ಮೈಸೂರಿನಲ್ಲಿ ಅದು ಮಂಗಳವಾರ. ಮನೆಯ ಹೆಂಗಸಿಗೆ ಇನ್ನೂ ಸಿಗದ ವಾರದ ರಜೆ ಹುಲಿಗೆ ಸಿಕ್ಕಿತಲ್ಲ ಎಂದು ನಮ್ಮ ವೈನಿ ನಗುತ್ತಾರೆ.

2025ರ ಆಗಸ್ಟ್ 15ರಂದು ರಜೆಯೆಂದು ಬನ್ನೇರುಘಟ್ಟ ಸಫಾರಿಗೆ ಹೋಗಿದ್ದ ಹುಡುಗನೊಬ್ಬನ ಕೈಯನ್ನು ಚಿರತೆ ವಾಹನದ ಕಿಟಕಿಯ ಸಂದಿಯಿಂದ ಪರಚಿತು. ಪುಣ್ಯಕ್ಕೆ ಜೀವಕ್ಕೆ ಏನೂ ಆಗಲಿಲ್ಲ. ಕ್ಯಾಮೆರಾಕ್ಕೆಂದು ಬಿಟ್ಟಿದ್ದ ಆ ಸಂದುಗಳನ್ನು ಮುಚ್ಚಿ ಜಾಳಿಗೆ ಹಾಕಬೇಕೆಂದು ಸೂಚನೆ ಹೊರಟಿತು. ಸುದ್ದಿ ಓದಿದ ನನ್ನ ಮೊಮ್ಮಗಳು ಮೊದಲು ಕೇಳಿದ್ದು, "ಜಾಳಗಿ ಹಾಕಿದರ ಫೋಟೋ ಹೆಂಗ ಬರತಾವ ಆಯಿ?" ಅಂತ. ಆ ಚಿತ್ರದಲ್ಲಿ ಚಿರತೆಯ ಪಂಜು ಎಷ್ಟು ದೊಡ್ಡದಿತ್ತೆಂದು ತೋರಿಸಿದೆ. ತನ್ನ ಅಂಗೈಯನ್ನು ಅದರ ಮೇಲಿಟ್ಟು ಅಳತೆ ನೋಡಿದಳು.