ಬೊಪ್ಪನ ಅಜ್ಜಿ ಪೋಚಿಕಬ್ಬೆ

ಶ್ರವಣಬೆಳಗೊಳದ ಚಂದ್ರಗಿರಿಯ ಮೇಲಿನ ಬಸದಿಗಳಲ್ಲಿ ಕತ್ತಲೆ ಬಸದಿಯೇ ದೊಡ್ಡದು. ಗರ್ಭಗೃಹದ ಸುತ್ತ ಪ್ರದಕ್ಷಿಣಾಪಥವನ್ನು ಹೊಂದಿರುವುದು ಇದರ ವಿಶೇಷ. ಒಳಗೆ ಬೆಳಕು ಬಾರದುದರಿಂದ ಈ ಹೆಸರು ಬಂದಿದೆ. ಮೂಲನಾಯಕ ಆದಿನಾಥನ ಪೀಠದ ಮೇಲಿನ ಬರಹದಂತೆ ಶುಭಚಂದ್ರ ಸಿದ್ಧಾಂತದೇವರ ಗುಡ್ಡನಾದ ದಂಡನಾಯಕ ಗಂಗರಾಜನು ಇದನ್ನು ತನ್ನ ತಾಯಿ ಪೋಚವ್ವೆಗಾಗಿ ಮಾಡಿಸಿದನು. ಶಾಸನಗಳಲ್ಲಿ ಪೋಚಿಕಬ್ಬೆ, ಪೋಚಲದೇವಿ ಎಂದೂ ಬರುವ ಈಕೆಯನ್ನು ಚರಿತ್ರೆಯ ಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೇ ಬಿಟ್ಟುಬಿಡುತ್ತವೆ. ವಿಷ್ಣುವರ್ಧನನ ಮಹಾಪ್ರಧಾನನ ತಾಯಿ, ಅಷ್ಟೇ.

ಅದೇ ಬೆಟ್ಟದ ಶಾಸನ ಬಸದಿಯ 1118ರ ಶಾಸನವನ್ನು ಓದಿದವರಿಗೆ ಈ ಮಾತು ಸಾಲದು. ಯುದ್ಧದಲ್ಲಿ ಗೆದ್ದು ಬಂದ ಗಂಗರಾಜನು ಅರಸನಿಂದ ಪರಮ ಎಂಬ ಊರನ್ನು ಪಡೆದು ದತ್ತಿ ಬಿಟ್ಟದ್ದನ್ನು ಅದು ಹೇಳುತ್ತದೆ. ದತ್ತಿ ಸಂದದ್ದು ಯಾವ ಜಿನಾಲಯಗಳಿಗೆ ಎಂಬುದನ್ನು ಗಮನಿಸಬೇಕು: ತಾಯಿ ಪೋಚಲದೇವಿ ಮಾಡಿಸಿದವುಗಳಿಗೆ ಮತ್ತು ಹೆಂಡತಿ ಲಕ್ಷ್ಮೀದೇವಿ ಮಾಡಿಸಿದವುಗಳಿಗೆ. ಮಗನು ತಾಯಿಗೆ ಕಟ್ಟಿಸಿದ ಬಸದಿಗಿಂತ ಬೇರೆಯಾದ ಸಂಗತಿ ಇದು. ಆಕೆಯೇ ಕಟ್ಟಿಸಿದ್ದಳು, ಮಗನ ವಿಜಯದ ಫಲ ಆಕೆಯ ಧರ್ಮಕಾರ್ಯವನ್ನು ನಡೆಸಿಕೊಂಡು ಹೋಗಲು ಸಂದಿತು. ಗಂಗರಾಜನನ್ನು ಗಂಗವಾಡಿಯ ಬಸದಿಗಳ ಜೀರ್ಣೋದ್ಧಾರಕನೆಂದು, ಗೊಮ್ಮಟನಿಗೆ ಸುತ್ತಾಲಯವನ್ನು ಮಾಡಿಸಿದವನೆಂದು ಹೊಗಳುವಾಗ, ಆ ಬುದ್ಧಿ ಮನೆಯೊಳಗಿನಿಂದಲೇ ಬಂದಿರಬೇಕೆಂಬ ಊಹೆಗೆ ಇಲ್ಲಿ ಗಟ್ಟಿಯಾದ ಆಧಾರವಿದೆ.

ಆಕೆ ತೀರಿಕೊಂಡದ್ದು 1120ರ ಸುಮಾರಿಗೆ. ಮಗನು ನಿಲ್ಲಿಸಿದ ನಿಸಿದಿಯ ಶಾಸನವು ಮೊದಲು ವಂಶವನ್ನು ಹೇಳುತ್ತದೆ. ಮಾರ ಮತ್ತು ಮಾಕಣಬ್ಬೆಯರ ಮಗ ಏಚ. ಬುಧಮಿತ್ರನೆಂದು ಹೆಸರಾದ ಆತನ ಹೆಂಡತಿ ಪೋಚಿಕಬ್ಬೆ. ತಂದೆಯ ಹೆಸರಿನ ಜೊತೆಗೆ ತಾಯಿಯ ಹೆಸರನ್ನೂ ಹೇಳುತ್ತ ಸಾಗುವ ಈ ಪರಿಯಿಂದಾಗಿ ಗಂಗರಾಜನ ಅಜ್ಜಿ ಮಾಕಣಬ್ಬೆಯೂ ನಮಗೆ ಉಳಿದಿದ್ದಾಳೆ. ಅನಂತರ ಬರುವ ಹೊಗಳಿಕೆಯಲ್ಲಿ ಕಾವ್ಯರೂಢಿಯ ವಿಶೇಷಣಗಳು ಬೇಕಾದಷ್ಟಿವೆ. ಅವುಗಳನ್ನು ಸರಿಸಿದರೆ ಎರಡು ಸಂಗತಿಗಳು ನಿಲ್ಲುತ್ತವೆ. ಬೆಳಗೊಳದಲ್ಲಿಯೂ ಬೇರೆ ತೀರ್ಥಗಳಲ್ಲಿಯೂ ಆಕೆ ಹಲವು ಚೈತ್ಯಾಲಯಗಳನ್ನು ಮಾಡಿಸಿ ದಾನಗಳನ್ನು ಕೊಟ್ಟಿದ್ದಳು ಎಂಬುದು ಒಂದು. ಕೊನೆಯಲ್ಲಿ ಸಲ್ಲೇಖನವನ್ನು ಕೈಗೊಂಡು, ಒಂದೇ ಮಗ್ಗುಲಲ್ಲಿ ಮಲಗಿರುವ ನಿಯಮವನ್ನು ಹಿಡಿದು, ಪಂಚಪದಗಳನ್ನು ಉಚ್ಚರಿಸುತ್ತ ದೇಹವನ್ನು ಬಿಟ್ಟಳು ಎಂಬುದು ಇನ್ನೊಂದು.

ಒಂದೇ ಮಗ್ಗುಲಿನ ಈ ನಿಯಮ ಸಣ್ಣ ವಿವರದಂತೆ ಕಾಣಬಹುದು. ಕ್ಷೀಣಿಸಿದ ಮುಪ್ಪಿನ ದೇಹಕ್ಕೆ ಮಗ್ಗುಲು ಬದಲಿಸದಿರುವುದು ಎಷ್ಟು ಕಠಿಣವೆಂಬುದನ್ನು ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಂಡವರು ಬಲ್ಲರು. ಶೋಕದ ಮಾತಿಗೆ ಹೆಚ್ಚು ಎಡೆಗೊಡದ ಶಾಸನಕಾರನು ಈ ದಾರ್ಢ್ಯವನ್ನು ಮಾತ್ರ ಕಲ್ಲಿಗೆ ಇಳಿಸಿದ್ದಾನೆ. ಆ ಮುದುಕಿಯ ಸ್ವಭಾವವು ಹೊಗಳಿಕೆಯ ಪದ್ಯಗಳಲ್ಲಿ ಕಾಣುವುದಕ್ಕಿಂತ ಇಲ್ಲಿ ಹೆಚ್ಚು ಕಾಣುತ್ತದೆ. ಬರೆದವನು ಚಾವರಾಜ, ಕಂಡರಿಸಿದವನು ಹೊಯ್ಸಳಾಚಾರಿಯ ಮಗ ವರ್ಧಮಾನಾಚಾರಿ.

ಮರುವರ್ಷವೇ, 1121ರಲ್ಲಿ, ಸೊಸೆ ಲಕ್ಷ್ಮೀಮತಿಯೂ ಸಮಾಧಿಯಿಂದ ಮುಡಿಪಿದಳು. ಗಂಗರಾಜನು ಆಕೆಗೂ ನಿಸಿದಿಯನ್ನು ಮಾಡಿಸಿದನು. ಪರಮದ ದತ್ತಿಯಲ್ಲಿ ಒಟ್ಟಿಗೆ ಬಂದ ಅತ್ತೆ ಸೊಸೆಯರು ನಿಸಿದಿಗಳಲ್ಲಿಯೂ ಒಬ್ಬರ ಹಿಂದೆ ಒಬ್ಬರು ಬಂದರು.

ಮೊಮ್ಮಕ್ಕಳ ಕಾಲಕ್ಕೆ ಮನೆಯ ಈ ರೂಢಿ ನಿಲ್ಲಲಿಲ್ಲ. ಗಂಗರಾಜನ ಮಗ ಬೊಪ್ಪನು ತಂದೆಯ ನೆನಪಿಗೆ 1133ರಲ್ಲಿ ದೋರಸಮುದ್ರದಲ್ಲಿ ಕಟ್ಟಿಸಿದ ದ್ರೋಹಘರಟ್ಟ ಜಿನಾಲಯವೇ ಇಂದಿನ ಹಳೇಬೀಡಿನ ಪಾರ್ಶ್ವನಾಥ ಬಸದಿ. ಪೋಚಿಕಬ್ಬೆಯ ಇನ್ನೊಬ್ಬ ಮಗ ಬಮ್ಮನ ಮಗನಿಗೆ ಇಟ್ಟ ಹೆಸರು ಏಚ. ಎಂದರೆ ಆಕೆಯ ಗಂಡನ ಹೆಸರು. ಆ ಮೊಮ್ಮಗನೂ ಸಲ್ಲೇಖನದಿಂದಲೇ ತೀರಿಕೊಂಡಾಗ ನಿಸಿದಿಯನ್ನು ನಿಲ್ಲಿಸಿದವನು ಬೊಪ್ಪ.

ಕತ್ತಲೆ ಬಸದಿಗೆ ಮುಂದೆಯೂ ಹೆಂಗಸರ ಆಸರೆ ತಪ್ಪಲಿಲ್ಲ. ಏಳು ಶತಮಾನಗಳ ಬಳಿಕ ಅದರ ಮುಖಮಂಟಪವನ್ನು ಜೀರ್ಣೋದ್ಧಾರ ಮಾಡಿಸಿದವರು ಮೈಸೂರು ಅರಮನೆಯ ದೇವೀರಮ್ಮಣ್ಣಿ ಮತ್ತು ಕೆಂಪಮ್ಮಣ್ಣಿ.